ಓದಿನ ಜೊತೆ ದುಡಿಮೆ: ಪೂರ್ಣಾವಧಿ ಕಾಲೇಜು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡದಂಥ ಊರುಗಳಿಗೆ ಡಿಗ್ರಿ, ಡಿಪ್ಲೊಮಾ, ಎಂಜಿನಿಯರಿಂಗ್ ಓದಲು ಬಂದು, ರೂಮು-ಊಟದ ಖರ್ಚಿಗೆ ದುಡಿಯಲೇಬೇಕಾದವರಿಗಾಗಿ ಈ ಪುಟ. ಕೂಲಿ, ಬಾಡಿಗೆ, ಟ್ಯೂಷನ್ ಫೀಸು ಊರಿಂದ ಊರಿಗೆ, ಏರಿಯಾದಿಂದ ಏರಿಯಾಕ್ಕೆ ಬದಲಾಗುತ್ತವೆ. ಇಲ್ಲಿರುವ ಲೆಕ್ಕಗಳು ಉದಾಹರಣೆಗಳು. ನಿಮ್ಮೂರಿನ ಅಂಕಿ ಹಾಕಿಕೊಂಡು ಇದೇ ರೀತಿ ಕೂಡಿ ಕಳೆಯಿರಿ.

ಕೆಲಸ ಹುಡುಕುವ ಮೊದಲು ಏನು ಮಾಡಬೇಕು?

ತಿಂಗಳಿಗೆ ಎಷ್ಟು ಕೊರತೆ ಬೀಳುತ್ತಿದೆ ಎಂದು ಬರೆದಿಡಿ. "ಸ್ವಲ್ಪ ದುಡ್ಡು ಬಂದರೆ ಸಾಕು" ಎಂದು ಹೊರಟವರು ಸಿಕ್ಕ ಮೊದಲ ಕೆಲಸಕ್ಕೆ ಸೇರಿ, ಎರಡು ತಿಂಗಳಲ್ಲಿ ಕ್ಲಾಸೂ ಬಿಟ್ಟು ಕೆಲಸವನ್ನೂ ಬಿಡುತ್ತಾರೆ.

ಬೆಂಗಳೂರಿನ ಒಂದು ಉದಾಹರಣೆ ನೋಡಿ. ಮೂವರು ಹಂಚಿಕೊಳ್ಳುವ ಪಿಜಿ ರೂಮಿಗೆ ಊಟ-ತಿಂಡಿ ಸೇರಿ 7,500 ರೂ., ಮಧ್ಯಾಹ್ನದ ಹೊರಗಿನ ಊಟಕ್ಕೆ 1,500, ಓಡಾಟಕ್ಕೆ 600, ಮೊಬೈಲಿಗೆ 300, ಜೆರಾಕ್ಸ್-ರೆಕಾರ್ಡ್ ಪುಸ್ತಕಕ್ಕೆ 500, ಸೋಪು-ಔಷಧಿ-ಬಟ್ಟೆಗೆ 1,000. ಒಟ್ಟು 11,400. ಮನೆಯಿಂದ 6,000 ಬರುತ್ತದೆ ಎಂದಾದರೆ ಕೊರತೆ 5,400 ರೂ. ವಾರಕ್ಕೆ 15 ಗಂಟೆಯಂತೆ ತಿಂಗಳಿಗೆ ಸುಮಾರು 65 ಗಂಟೆ ದುಡಿಯಬಹುದು. ಅಂದರೆ ಗಂಟೆಗೆ ಸುಮಾರು 83 ರೂ. ಕೈಯಲ್ಲಿ ಉಳಿಯಬೇಕು. ಯಾರಾದರೂ ಕೆಲಸ ಕೊಡುತ್ತೇವೆ ಎಂದಾಗ ಈ ಒಂದು ಅಂಕಿಯನ್ನು ಮುಂದಿಟ್ಟು ಅಳೆಯಿರಿ.

ಲೆಕ್ಕ ಹಾಕುವಾಗ ಹೋಗಿ ಬರುವ ಸಮಯವನ್ನೂ ದುಡಿಮೆಯ ಗಂಟೆಗೇ ಸೇರಿಸಬೇಕು. ಸಿಲ್ಕ್ ಬೋರ್ಡ್ ದಾಟಿ ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು, ಮೂರು ಗಂಟೆ ಕೆಲಸ ಮಾಡಿ, ಮತ್ತೆ ಒಂದೂವರೆ ಗಂಟೆ ವಾಪಸ್ ಬಂದರೆ ಅದು ಆರು ಗಂಟೆಯ ಕೆಲಸ. ನಡೆದು ಹೋಗುವಷ್ಟು ಹತ್ತಿರವಿರುವ 70 ರೂಪಾಯಿಯ ಕೆಲಸ, ದೂರದ 120 ರೂಪಾಯಿಯ ಕೆಲಸಕ್ಕಿಂತ ಲಾಭ. ಪರೀಕ್ಷಾ ಶುಲ್ಕ, ಅಡ್ಮಿಷನ್ ಫೀಸಿನಂಥ ವರ್ಷದ ಖರ್ಚನ್ನು ಬೇರೆಯೇ ಬರೆದು ಹತ್ತು ತಿಂಗಳಿಗೆ ಹಂಚಿ. ಎಲ್ಲರ ಲೆಕ್ಕ ತಪ್ಪುವುದು ಇಲ್ಲೇ.

ದುಡಿಯದೆ ಕೊರತೆ ಕಡಿಮೆ ಮಾಡಿಕೊಳ್ಳಲು ದಾರಿ ಇದೆಯೇ?

ಇದೆ, ಮೊದಲು ನೋಡಬೇಕಾದದ್ದೂ ಅದನ್ನೇ. ನಿಮಗೆ ಸಲ್ಲಬೇಕಾದ ಹಾಸ್ಟೆಲ್ ಸೀಟು ಅಥವಾ ವಿದ್ಯಾರ್ಥಿವೇತನ ಪಡೆಯದೆ ಕೆಲಸಕ್ಕೆ ಇಳಿದರೆ ನೂರಾರು ಗಂಟೆಯ ಓದು ಕೈಬಿಡುತ್ತದೆ.

ಮೆಟ್ರಿಕ್ ನಂತರದ ಹಾಸ್ಟೆಲ್‌ಗಳನ್ನು ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ನಡೆಸುತ್ತವೆ. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ, ಶೈಕ್ಷಣಿಕ ವರ್ಷದ ಆರಂಭದಲ್ಲಿ. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲವೆಂದು ಕೈಬಿಡಬೇಡಿ. ಸೇರದವರ ಸೀಟುಗಳು ಮುಂದಿನ ಪಟ್ಟಿಗೆ ಬರುತ್ತವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ವರ್ಷಕ್ಕೆ 15,000 ರೂ. ಸಹಾಯಧನವಿದೆ. ಗಂಟೆಗೆ 80 ರೂಪಾಯಿ ದುಡಿಮೆಯಲ್ಲಿ ಈ ಮೊತ್ತ ಗಳಿಸಲು 187 ಗಂಟೆ ಬೇಕು, ಅಂದರೆ ಮೂರು ತಿಂಗಳ ಸಂಜೆಗಳು. ತಂದೆ ಅಥವಾ ತಾಯಿ ಕಟ್ಟಡ ಕಾರ್ಮಿಕರಾಗಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿದ್ದರೆ ಅಲ್ಲಿಂದ ಶೈಕ್ಷಣಿಕ ಸಹಾಯಧನ ಕೇಳಬಹುದು. ಸಿದ್ಧಗಂಗಾ, ಸುತ್ತೂರಿನಂಥ ಮಠಗಳ ಪ್ರಸಾದ ನಿಲಯಗಳೂ, ಸಮುದಾಯಗಳು ಕಟ್ಟಿಸಿದ ವಿದ್ಯಾರ್ಥಿನಿಲಯಗಳೂ ಇವೆ. ವಾರಾನ್ನ ಉಂಡು ಓದಿದ ತಲೆಮಾರು ಈ ನಾಡಿನಲ್ಲೇ ಆಗಿಹೋಗಿದೆ. ಅಲ್ಲಿ ಹೋಗಿ ಕೇಳಲು ಸಂಕೋಚ ಬೇಡ.

ಓಡಾಟಕ್ಕೆ: ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಉಳಿದವರು ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ ಮೂಲಕ ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಿ. ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಕಾಲೇಜಿನ ಹತ್ತಿರ ಒಂದಿದ್ದರೆ ಮೇಲಿನ ಲೆಕ್ಕದ 1,500 ರೂ. 300ಕ್ಕೆ ಇಳಿಯುತ್ತದೆ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೇನೆ, ದುಡ್ಡು ಬರುತ್ತಿಲ್ಲ. ಯಾಕೆ?

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗಳು ಸಾಮಾನ್ಯವಾಗಿ ಮೂರು ಕಡೆ ಸಿಕ್ಕಿಕೊಳ್ಳುತ್ತವೆ. ಒಂದು, ಆಧಾರ್‌ನಲ್ಲಿರುವ ಹೆಸರಿಗೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ವ್ಯತ್ಯಾಸ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ತೊಂದರೆ. ಎರಡು, ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ ಮಾಡಿಸದೆ ಇರುವುದು. ಮೂರನೆಯದು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಇಲ್ಲದಿರುವುದು. ಖಾತೆಗೆ ಆಧಾರ್ ನಂಬರ್ ಕೊಟ್ಟಿರುವುದೇ ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ಆಧಾರ್‌ಗೆ ಜೋಡಿಸುವುದು) ಆಗಿರುವುದೇ ಬೇರೆ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಆ್ಯಕ್ಟಿವ್ ಇದೆಯಾ" ಎಂದೇ ಕೇಳಿ.

ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದವರಿಗೆ ಇನ್ನೊಂದು ತೊಡಕಿದೆ. ಕಂಪನಿಯವರು ಸಂಬಳಕ್ಕೆಂದು ಹೊಸ ಖಾತೆ ತೆರೆಸುವಾಗ ಆಧಾರ್ ಸೀಡಿಂಗ್‌ಗೆ ಒಪ್ಪಿಗೆ ಹಾಕಿಸಿಕೊಂಡಿದ್ದರೆ, ಆಮೇಲೆ ಬರುವ ವಿದ್ಯಾರ್ಥಿವೇತನ ಆ ಹೊಸ ಖಾತೆಗೆ ಹೋಗುತ್ತದೆ. ಹಣ ಕಳೆದಿರುವುದಿಲ್ಲ, ನೀವು ಹಳೆ ಪಾಸ್‌ಬುಕ್ ನೋಡುತ್ತಿರುತ್ತೀರಿ ಅಷ್ಟೇ.

ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು?

12ರಿಂದ 15 ಗಂಟೆ. 20 ಗಂಟೆ ದಾಟಿದರೆ ಓದು ಹಿಂದೆ ಬೀಳುವುದು ಬಹುತೇಕ ಖಚಿತ.

ಹಾಜರಾತಿಯ ಲೆಕ್ಕವನ್ನು ವಿಷಯವಾರು ಮಾಡಿ. ವಾರಕ್ಕೆ 4 ತಾಸಿನ ಒಂದು ಪೇಪರಿಗೆ 15 ವಾರಗಳಲ್ಲಿ 60 ತಾಸು. ಶೇ. 75 ಎಂದರೆ 45. ತಪ್ಪಿಸಿಕೊಳ್ಳಲು ಇರುವುದು 15 ಮಾತ್ರ. ಅದರಲ್ಲಿ ಜ್ವರ, ಊರಿನ ಹಬ್ಬ, ಮದುವೆಗೆ ಆರೇಳು ಹೋಯಿತು ಎನ್ನಿ. ಉಳಿದ ಎಂಟನ್ನು, ರಾತ್ರಿ ಪಾಳಿ ಮುಗಿಸಿ ಬೆಳಗಿನ ಮೊದಲ ತಾಸಿಗೆ ಏಳಲಾಗದವರು ಎರಡೇ ತಿಂಗಳಲ್ಲಿ ಮುಗಿಸುತ್ತಾರೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಇನ್ನೂ ಬಿಗಿ: ಶೇ. 85 ಬೇಕು, ತಕ್ಕ ಕಾರಣವಿದ್ದರೆ ಮಾತ್ರ ಶೇ. 10ರವರೆಗೆ ರಿಯಾಯಿತಿ. ಹಾಜರಾತಿ ಕಡಿಮೆಯಾಗಿ ಒಂದು ಸೆಮಿಸ್ಟರ್ ಕೈತಪ್ಪಿದರೆ ಆರು ತಿಂಗಳ ಪಿಜಿ ಬಾಡಿಗೆ ಮತ್ತೆ ಕಟ್ಟಬೇಕಾಗುತ್ತದೆ. ಯಾವ ಪಾರ್ಟ್‌ಟೈಮ್ ಸಂಬಳವೂ ಅದನ್ನು ತುಂಬಿಕೊಡುವುದಿಲ್ಲ.

ಆದ್ದರಿಂದ ಗಂಟೆ ಗೊತ್ತಿರುವ ಕೆಲಸವೇ ಒಳ್ಳೆಯದು. "ಬೇಕಾದಾಗ ಬನ್ನಿ" ಎನ್ನುವ ಕೆಲಸ ಕೇಳಲು ಹಿತವೆನಿಸಿದರೂ, ಪರೀಕ್ಷೆಯ ವಾರದಲ್ಲೇ ಅಲ್ಲಿಂದ ಫೋನ್ ಬರುತ್ತದೆ.

ಯಾವ ಕೆಲಸ ಓದಿಗೆ ಸರಿಹೊಂದುತ್ತದೆ?

ನಮ್ಮ ಮಟ್ಟಿಗೆ ಮೊದಲ ಸ್ಥಾನ ಮನೆಪಾಠಕ್ಕೆ. ಸಂಜೆ 5ರಿಂದ 8ರೊಳಗೆ ಮುಗಿಯುತ್ತದೆ, ಬಂಡವಾಳ ಬೇಡ, ಗಂಟೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿಯುತ್ತದೆ. 8ರಿಂದ 10ನೇ ತರಗತಿಯ ಗಣಿತ, ವಿಜ್ಞಾನಕ್ಕೆ ಬೇಡಿಕೆ ತಪ್ಪಿದ್ದಲ್ಲ. ವಾರಕ್ಕೆ ಮೂರು ದಿನ, ಒಂದೂವರೆ ಗಂಟೆಯಂತೆ ತಿಂಗಳಿಗೆ ಸುಮಾರು 18–20 ಗಂಟೆ. ಅದಕ್ಕೆ 3,000 ರೂ. ಸಿಕ್ಕರೂ ಗಂಟೆಗೆ 150 ದಾಟುತ್ತದೆ. ಒಂದೇ ಅಪಾರ್ಟ್‌ಮೆಂಟಿನ ಇಬ್ಬರು ಮಕ್ಕಳು ಸಿಕ್ಕರೆ ಮೇಲಿನ 5,400 ರೂಪಾಯಿ ಕೊರತೆ ಅಲ್ಲಿಗೇ ತುಂಬಿತು.

ಬೆಂಗಳೂರಿನಲ್ಲಿ ಕನ್ನಡ ಚೆನ್ನಾಗಿ ಬಲ್ಲವರಿಗೆ ಒಂದು ಅವಕಾಶ ಕಣ್ಣೆದುರೇ ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳು ಕನ್ನಡ ಕಲಿಸಬೇಕು. ಮನೆಯಲ್ಲಿ ಕನ್ನಡ ಮಾತಾಡದ ಕುಟುಂಬಗಳ ಮಕ್ಕಳಿಗೆ ಒತ್ತಕ್ಷರ, ಕಾಗುಣಿತ, ವಿಭಕ್ತಿ ಹೇಳಿಕೊಡುವವರು ಬೇಕಾಗಿದ್ದಾರೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಇಂಥ ಮಕ್ಕಳು ಹೆಚ್ಚು. ಕೆಲಸಕ್ಕೆಂದು ಬಂದ ದೊಡ್ಡವರು ಮಾತಾಡುವ ಕನ್ನಡ ಕಲಿಯಲು ವಾರಾಂತ್ಯದ ತರಗತಿ ಕೇಳುವುದೂ ಉಂಟು. ಕಲಾ ವಿಭಾಗದ ವಿದ್ಯಾರ್ಥಿಗಳು "ನಮಗೆ ಗಣಿತ ಬರಲ್ಲ, ಟ್ಯೂಷನ್ ಹೇಗೆ" ಎಂದು ಹಿಂಜರಿಯಬೇಕಿಲ್ಲ.

ಟ್ಯೂಷನ್ ಫೀಸು ಹೇಗೆ ಗೊತ್ತು ಮಾಡುವುದು, ಹೇಗೆ ವಸೂಲಿ ಮಾಡುವುದು?

ತಿಂಗಳಿಗಿಷ್ಟು ಎಂದು ಹೇಳಿ, ತಿಂಗಳ ಮೊದಲ ವಾರದಲ್ಲೇ ಪಡೆಯಿರಿ. "ಬಂದ ದಿನಕ್ಕೆ ಮಾತ್ರ" ಎಂದು ಒಪ್ಪಿಕೊಂಡರೆ ದಸರಾ ರಜೆ, ಮಗುವಿನ ನೆಗಡಿ, ಮನೆಯವರ ಪ್ರವಾಸ ಎಲ್ಲದರ ನಷ್ಟ ನಿಮ್ಮ ತಲೆಗೇ. ನೀವು ತಪ್ಪಿಸಿದ ತರಗತಿಯನ್ನು ಇನ್ನೊಂದು ದಿನ ತೆಗೆದುಕೊಳ್ಳುತ್ತೀರಿ, ಅವರು ತಪ್ಪಿಸಿದ್ದು ಲೆಕ್ಕಕ್ಕಿಲ್ಲ. ಇದನ್ನು ಸೇರುವ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ.

ಒಂದು ಟ್ರಯಲ್ ತರಗತಿ ಕೊಡಿ, ಮೂರು ಕೊಡಬೇಡಿ. ಮೊದಲ ದಿನ ಶಾಲೆಯ ಹಿಂದಿನ ಪರೀಕ್ಷೆಯ ಉತ್ತರ ಪತ್ರಿಕೆ ತರಿಸಿ ನೋಡಿ. ಮಗು ಎಲ್ಲಿ ಎಡವುತ್ತಿದೆ ಎಂದು ಅಪ್ಪ-ಅಮ್ಮನಿಗೆ ಹತ್ತು ನಿಮಿಷದಲ್ಲಿ ತೋರಿಸಿದರೆ ಫೀಸಿನ ಚೌಕಾಸಿ ಅಲ್ಲಿಗೇ ನಿಲ್ಲುತ್ತದೆ. ಟ್ಯೂಷನ್ ಏಜೆನ್ಸಿ ಮೂಲಕ ಹೋದರೆ ಮೊದಲ ತಿಂಗಳ ಫೀಸಿನ ಅರ್ಧ ಅಥವಾ ಪೂರ್ತಿ ಕಮಿಷನ್ ಕೇಳುವುದು ರೂಢಿ. ಮಗು ಸಿಗುವ ಮೊದಲೇ ನೋಂದಣಿ ಶುಲ್ಕ ಕೇಳುವವರ ಹತ್ತಿರ ಹೋಗಬೇಡಿ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂದು ಅಲೆ, ಡಿಸೆಂಬರ್-ಜನವರಿಯಲ್ಲಿ ಪರೀಕ್ಷೆಯ ಭಯಕ್ಕೆ ಇನ್ನೊಂದು. ಏಪ್ರಿಲ್-ಮೇ ಎರಡು ತಿಂಗಳು ಆದಾಯ ಇರುವುದಿಲ್ಲ, ಅದಕ್ಕೆ ಮೊದಲೇ ಸ್ವಲ್ಪ ಎತ್ತಿಡಿ.

ಮದುವೆ ಮನೆಯ ಕೇಟರಿಂಗ್ ಕೆಲಸ ಹೇಗೆ?

ಮಂಗಳೂರು, ಉಡುಪಿ, ಶಿವಮೊಗ್ಗ, ಬೆಂಗಳೂರಿನಲ್ಲಿ ವಿದ್ಯಾರ್ಥಿಗಳು ಬಹಳ ಕಾಲದಿಂದ ಮಾಡಿಕೊಂಡು ಬಂದಿರುವ ಕೆಲಸ. ಕೂಲಿ ಅದೇ ದಿನ ಕೈಗೆ ಬರುತ್ತದೆ, ಒಂದು ಹೊತ್ತಿನ ಊಟ ಸಿಗುತ್ತದೆ, ಭಾನುವಾರಕ್ಕೆ ಸೀಮಿತವಾಗಿ ಮಾಡಬಹುದು.

ಆದಾಯ ಪಂಚಾಂಗದ ಮೇಲೆ ನಿಂತಿದೆ. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠದಲ್ಲಿ ಮುಹೂರ್ತಗಳು ಒತ್ತೊತ್ತಾಗಿ ಬಂದು ವಾರಕ್ಕೆ ಎರಡು-ಮೂರು ಕರೆ ಬರುತ್ತದೆ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಹೆಚ್ಚೂಕಡಿಮೆ ಏನೂ ಇಲ್ಲ. ಹಾಗಾಗಿ ತಿಂಗಳ ಬಾಡಿಗೆಯನ್ನು ಇದೊಂದರ ಮೇಲೆ ನಂಬಿ ಕೂರಬೇಡಿ. ಮನೆಪಾಠದ ಜೊತೆಗೆ ಮೇಲ್ಸಂಪಾದನೆಯಾಗಿ ಇಟ್ಟುಕೊಳ್ಳಿ. ವೈಶಾಖದ ಲಗ್ನಗಳೂ ಸೆಮಿಸ್ಟರ್ ಪರೀಕ್ಷೆಯೂ ಒಟ್ಟಿಗೆ ಬಂದಾಗ ಕಂಟ್ರಾಕ್ಟರಿಗೆ ಹದಿನೈದು ದಿನ ಮೊದಲೇ ಹೇಳಿ.

ಮಧ್ಯಾಹ್ನದ ಊಟಕ್ಕೆ ಬೆಳಗ್ಗೆ 9ಕ್ಕೆ ಬರಲು ಹೇಳುತ್ತಾರೆ, ಮುಗಿಯುವಾಗ 4 ಗಂಟೆ. ಸಂಜೆ ಆರತಕ್ಷತೆಯಾದರೆ 5ರಿಂದ ರಾತ್ರಿ 11. ರಾತ್ರಿ ವಾಪಸ್ ಬಿಡುವ ವಾಹನ ಇದೆಯೇ ಎಂದು ಮೊದಲೇ ಕೇಳಿ. 11ರ ಮೇಲೆ ಆಟೋಗೆ ಕೊಟ್ಟರೆ ಕೂಲಿಯ ಮೂರನೇ ಒಂದು ಭಾಗ ಅಲ್ಲೇ ಹೋಗುತ್ತದೆ.

ಕೆಲಸ ಕಲಿಯಲು ಎರಡು ಪಂಕ್ತಿ ಸಾಕು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು, ಉಪ್ಪು ಮೇಲೆ ಎಡತುದಿಗೆ. ಸಾರಿನ ಬಕೆಟ್ ಅರ್ಧಕ್ಕಿಂತ ಹೆಚ್ಚು ತುಂಬಿಸಿಕೊಳ್ಳಬೇಡಿ: ಎಡಗೈಯಲ್ಲಿ ಹಿಡಿದು ಬಗ್ಗಿದಾಗ ತುಳುಕುವುದು ನಿಮ್ಮ ಕಾಲಿನ ಮೇಲೇ, ಕುದಿಯುವ ಸಾರು ಸುಟ್ಟರೆ ಒಂದು ವಾರ ಹೋಯಿತು. ಹೊಸಬರಿಗೆ ಕೋಸಂಬರಿ, ಪಲ್ಯ, ನೀರು ಕೊಡುತ್ತಾರೆ. ಅದನ್ನೇ ಕೇಳಿ ಪಡೆಯಿರಿ. ನೀರು ಚೆಲ್ಲಿದ ಗ್ರಾನೈಟ್ ನೆಲದಲ್ಲಿ ಸವೆದ ಚಪ್ಪಲಿ ಹಾಕಿಕೊಂಡರೆ ಜಾರುವುದು ಖಂಡಿತ. ಹಿಡಿತವಿರುವ ಶೂ ಇರಲಿ.

ಫುಡ್ ಡೆಲಿವರಿಯಲ್ಲಿ ನಿಜಕ್ಕೂ ಎಷ್ಟು ಉಳಿಯುತ್ತದೆ?

ಆ್ಯಪ್ ತೋರಿಸುವುದಕ್ಕಿಂತ ಬಹಳ ಕಡಿಮೆ. ಸಂಜೆ 6ರಿಂದ 11ರವರೆಗೆ 5 ಗಂಟೆ, 11 ಆರ್ಡರ್, ಸರಾಸರಿ 40 ರೂಪಾಯಿಯಂತೆ 440 ರೂ. ಬಂತು ಎನ್ನಿ. ಖಾಲಿ ಓಡಾಟವೂ ಸೇರಿ 55 ಕಿ.ಮೀ. ಆಗಿರುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ 1.2 ಲೀಟರ್ ಪೆಟ್ರೋಲ್, ಸುಮಾರು 125 ರೂ. ಟಯರ್, ಆಯಿಲ್, ಬ್ರೇಕ್ ಶೂ ಸವೆತಕ್ಕೆ ಕಿಲೋಮೀಟರಿಗೆ 80 ಪೈಸೆ ಹಿಡಿದರೆ 44. ಉಳಿದದ್ದು 271 ರೂ., ಗಂಟೆಗೆ 54. ಮಳೆಯ ದಿನ, ಶನಿವಾರ-ಭಾನುವಾರದ ಇನ್ಸೆಂಟಿವ್ ಬಂದರೆ ಇದು ಏರುತ್ತದೆ. ಆದರೆ ಇನ್ಸೆಂಟಿವ್‌ನ ಕೊನೆಯ ಎರಡು ಆರ್ಡರ್ ಮುಟ್ಟಲು ರಾತ್ರಿ 12ರವರೆಗೆ ರಸ್ತೆಯಲ್ಲಿ ಉಳಿಯುವುದೇ ಓದಿಗೆ ದೊಡ್ಡ ಹೊಡೆತ, ಅಪಘಾತದ ಭಯವೂ ಆ ಹೊತ್ತಿಗೇ ಹೆಚ್ಚು.

ಡಿ.ಎಲ್., ಆರ್‌ಸಿ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ವಿಮೆಯ ವಿಷಯ ಗಮನಿಸಿ: ಸ್ವಂತ ಬಳಕೆಗೆ ಮಾಡಿಸಿದ ಪಾಲಿಸಿಯಲ್ಲಿ, ಬಾಡಿಗೆಗೆ ಸರಕು ಸಾಗಿಸುವಾಗ ಆದ ಅಪಘಾತಕ್ಕೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಅವಕಾಶವಿರುತ್ತದೆ. ಅಪ್ಪನ ಹೆಸರಿನ ಬೈಕ್ ತೆಗೆದುಕೊಂಡು ಹೋಗುವ ಮೊದಲು ಪಾಲಿಸಿ ಓದಿ. 250 ವ್ಯಾಟ್‌ ಮೀರದ, ಗಂಟೆಗೆ 25 ಕಿ.ಮೀ. ದಾಟದ ಬಾಡಿಗೆ ಇ-ಸ್ಕೂಟರಿಗೆ ಲೈಸೆನ್ಸ್ ಬೇಡ, ಆದರೆ ವಾರದ ಬಾಡಿಗೆ ನೀವು ಓಡಿಸದ ದಿನಕ್ಕೂ ಕಟ್ಟಬೇಕು. ವಾರಕ್ಕೆ 15 ಗಂಟೆ ದುಡಿಯುವವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಈ ಕೆಲಸಕ್ಕೆ ಇಳಿದವರು ಕೇಂದ್ರದ ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ) ವಿಮೆಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಕರ್ನಾಟಕದಲ್ಲಿ 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ, ಕಾರಣವನ್ನು ಲಿಖಿತವಾಗಿ ಕೊಟ್ಟು 14 ದಿನದ ನೋಟಿಸ್ ನೀಡದೆ ಕೆಲಸದಿಂದ ತೆಗೆಯುವಂತಿಲ್ಲ. ಐಡಿ ಏಕಾಏಕಿ ಬ್ಲಾಕ್ ಆದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಲಿಖಿತ ಕಾರಣ ಕೇಳಿ. ಇನ್ನೊಬ್ಬರ ಐಡಿಯಲ್ಲಿ ಓಡಿಸಬೇಡಿ: ಅಪಘಾತವಾದರೆ ವಿಮೆಯೂ ಇಲ್ಲ, ದುಡ್ಡೂ ಅವರ ಖಾತೆಗೇ.

ಬೈಕ್ ಟ್ಯಾಕ್ಸಿ?

ಕರ್ನಾಟಕದಲ್ಲಿ ಹೈಕೋರ್ಟ್ ಆದೇಶದಂತೆ 2025ರ ಜೂನ್‌ನಲ್ಲಿ ಬೈಕ್ ಟ್ಯಾಕ್ಸಿ ನಿಂತಿತ್ತು, ಆಮೇಲೂ ವಿಷಯ ಕೋರ್ಟಿನಲ್ಲಿ ಓಡಾಡಿದೆ. ಕಾನೂನು ಹೀಗೆ ಹೊಯ್ದಾಡುವ ಕೆಲಸದ ಮೇಲೆ ತಿಂಗಳ ಬಾಡಿಗೆಯನ್ನು ಕಟ್ಟಬೇಡಿ.

ಅಂಗಡಿ, ಮಾಲ್, ಗೋದಾಮಿನ ಕೆಲಸ?

ಗಂಟೆಗಳು ಖಚಿತ, ಆದರೆ ಬಹಳ ಕಡೆ ಪೂರ್ತಿ ಪಾಳಿಗೇ ಬರಬೇಕು ಎನ್ನುತ್ತಾರೆ. 4–5 ಗಂಟೆಯ ಪಾಳಿ ಸಿಗುವುದು ದಿನಸಿ ಡೆಲಿವರಿಯ ಡಾರ್ಕ್ ಸ್ಟೋರ್‌ಗಳಲ್ಲಿ (ಆನ್‌ಲೈನ್ ಆರ್ಡರ್‌ಗೆ ಮಾತ್ರ ಇರುವ ಗೋದಾಮು), ಕಾಫಿ ಶಾಪ್‌ಗಳಲ್ಲಿ, ವಾರಾಂತ್ಯದ ಬಟ್ಟೆ ಅಂಗಡಿಗಳಲ್ಲಿ. ಹಬ್ಬದ ಸಮಯದ ಕೆಲಸ ಪ್ರತ್ಯೇಕವಾಗಿ ನೋಡಿ: ಗೌರಿ-ಗಣೇಶದಿಂದ ದೀಪಾವಳಿವರೆಗೆ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ, ದಸರಾ ವಸ್ತುಪ್ರದರ್ಶನದ ಕಾಲದಲ್ಲಿ ಮೈಸೂರಿನ ಮಳಿಗೆಗಳಲ್ಲಿ, ಕಾಲೇಜು ಶುರುವಾಗುವಾಗ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ ಹೆಚ್ಚುವರಿ ಕೈ ಬೇಕಾಗುತ್ತದೆ. ನೇರವಾಗಿ ಹೋಗಿ ಮಾಲೀಕರನ್ನೇ ಕೇಳಬೇಕು. ಆನ್‌ಲೈನ್ ಜಾಹೀರಾತಿನಲ್ಲಿ ಇವು ಕಾಣಿಸುವುದಿಲ್ಲ. ಧಾರವಾಡದ ಸಪ್ತಾಪುರದಂಥ ಕಡೆ ಕೋಚಿಂಗ್ ಸೆಂಟರ್, ಓದುವ ಕೊಠಡಿಗಳ ಕೌಂಟರ್ ಕೆಲಸ ಸಿಕ್ಕರೆ ಕೂಲಿ ಕಡಿಮೆಯಾದರೂ ಒಪ್ಪಿಕೊಳ್ಳಿ. ಕೂತಲ್ಲೇ ಓದಬಹುದು.

ಕನ್ನಡ ಟೈಪಿಂಗ್, ಅನುವಾದ, ಆನ್‌ಲೈನ್ ಕೆಲಸ?

ನುಡಿ ತಂತ್ರಾಂಶ ಮತ್ತು ಯೂನಿಕೋಡ್ ಎರಡರಲ್ಲೂ ತಪ್ಪಿಲ್ಲದೆ ಟೈಪ್ ಮಾಡಬಲ್ಲವರಿಗೆ ವಕೀಲರ ಕಚೇರಿ, ಡಿಟಿಪಿ ಅಂಗಡಿ, ಪ್ರಬಂಧ ಬರೆಯುತ್ತಿರುವ ಸಂಶೋಧನಾ ವಿದ್ಯಾರ್ಥಿಗಳಿಂದ ಕೆಲಸ ಸಿಗುತ್ತದೆ. ದರವನ್ನು ಪುಟಕ್ಕಿಷ್ಟು ಎನ್ನುವ ಬದಲು ಪದಕ್ಕಿಷ್ಟು ಎಂದು ಮಾತಾಡಿ. ಪುಟದ ಅಕ್ಷರದ ಗಾತ್ರ ಇಳಿಸಿದರೆ ಕೆಲಸ ಒಂದೂವರೆ ಪಟ್ಟಾಗುತ್ತದೆ. ಹಳೆ ನುಡಿ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಕೆಡುತ್ತವೆ, ತಿದ್ದಲು ಹೊಸದಾಗಿ ಟೈಪಿಸಿದಷ್ಟೇ ಹೊತ್ತು ಬೇಕು. ಆ ಕೆಲಸಕ್ಕೆ ಬೇರೆ ದರ ಹೇಳಿ. ಮೊದಲ ಸಲ ಕೆಲಸ ಕೊಡುವವರಿಂದ ಅರ್ಧ ಮುಂಗಡ ಪಡೆಯಿರಿ.

ಮೋಸದ ಕೆಲಸ ಎಂದು ಗುರುತಿಸುವುದು ಹೇಗೆ?

ಕೆಲಸ ಕೊಡುವವರು ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಗೆ ಮುಗಿಯಿತು. ಲ್ಯಾಪ್‌ಟಾಪ್ ಠೇವಣಿ, ಟ್ರೈನಿಂಗ್ ಫೀಸು, ಐಡಿ ಕಾರ್ಡ್ ಶುಲ್ಕ, ಹೆಸರು ಏನೇ ಇರಲಿ. ವಿದ್ಯಾರ್ಥಿಗಳನ್ನೇ ಗುರಿಯಿಡುವ ಮೂರು ಬಗೆ ಇವೆ.

ಟೆಲಿಗ್ರಾಮ್ ಟಾಸ್ಕ್: ವಿಡಿಯೋ ಲೈಕ್ ಮಾಡಿದರೆ, ಹೋಟೆಲಿಗೆ ರಿವ್ಯೂ ಬರೆದರೆ ದುಡ್ಡು ಎನ್ನುತ್ತಾರೆ. ಮೊದಲ ದಿನ 150–200 ರೂ. ನಿಜವಾಗಿಯೂ ಹಾಕುತ್ತಾರೆ, ನಂಬಿಕೆ ಹುಟ್ಟಿಸುವ ಖರ್ಚು ಅದು. ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಎಂದು 1,000, 5,000, 20,000 ಹಾಕಿಸಿಕೊಂಡು, ಹಿಂಪಡೆಯಲು ತೆರಿಗೆ ಕಟ್ಟಿ ಎನ್ನುತ್ತಾರೆ.

ಡೇಟಾ ಎಂಟ್ರಿ: ಒಂದು ಒಪ್ಪಂದಕ್ಕೆ ಇ-ಸಹಿ ಹಾಕಿಸಿ, ಐದಾರು ದಿನದಲ್ಲಿ ಮುಗಿಸಲಾಗದಷ್ಟು ಫಾರ್ಮ್ ಕೊಟ್ಟು, "ನಿಖರತೆ ಸಾಲದು, ದಂಡ ಕಟ್ಟಿ" ಎಂದು ವಕೀಲರ ಹೆಸರಿನಲ್ಲಿ ನೋಟಿಸ್ ಕಳಿಸುತ್ತಾರೆ. ಕೇಸು, ಪೊಲೀಸ್ ಎಂದು ಬೆದರಿಸುತ್ತಾರೆ. ಹಣ ಕಟ್ಟಬೇಡಿ, ಸಂದೇಶಗಳನ್ನು ಅಳಿಸಬೇಡಿ, ದೂರು ಕೊಡಿ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: "ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ತಿಂಗಳಿಗೆ 10,000." ಆ ಖಾತೆಗೆ ಬರುವುದು ಇನ್ನಾರನ್ನೋ ವಂಚಿಸಿದ ಹಣ. ಖಾತೆ ಫ್ರೀಜ್ ಆಗುತ್ತದೆ, ಬೇರೆ ರಾಜ್ಯದ ಪೊಲೀಸರಿಂದ ನೋಟಿಸ್ ಬರುತ್ತದೆ, ಆರೋಪಿಯ ಸ್ಥಾನದಲ್ಲಿ ನಿಮ್ಮ ಹೆಸರಿರುತ್ತದೆ. ಗೆಳೆಯ ಕೇಳಿದರೂ ಕೊಡಬೇಡಿ.

ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಸಾಧ್ಯವಿದೆ. ಯುಟಿಆರ್ (ಹಣ ವರ್ಗಾವಣೆಯ ಗುರುತು) ಸಂಖ್ಯೆ ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ.

ಸೇರುವಾಗ ಏನು ಕೊಡಬೇಕು, ಏನು ಕೊಡಬಾರದು?

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಸಾಕು. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬರೆದು ಸಹಿ ಹಾಕಿ. ಮೂಲ ಅಂಕಪಟ್ಟಿಯನ್ನು ಯಾವ ಕಾರಣಕ್ಕೂ ಒತ್ತೆ ಇಡಬೇಡಿ. ಕೆಲಸ ಬಿಡುವಾಗ ಅದನ್ನೇ ಹಿಡಿದು ಸಂಬಳ ತಡೆಯುತ್ತಾರೆ. ಖಾಲಿ ಚೆಕ್, ಖಾಲಿ ಸ್ಟಾಂಪ್ ಪೇಪರ್ ಕೂಡ ಹಾಗೆಯೇ. ನೇಮಕಾತಿ ಪತ್ರ ಕೇಳಿ. ಸಣ್ಣ ಅಂಗಡಿಯವರು ಪತ್ರ ಕೊಡದಿದ್ದರೆ ಕೆಲಸದ ವೇಳೆ, ಸಂಬಳ, ಕೊಡುವ ದಿನಾಂಕ, ವಾರದ ರಜೆ ಇವಿಷ್ಟನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ "ಸರಿ ಅಲ್ವಾ ಸರ್" ಎಂದು ಕೇಳಿ. ಬಂದ "ಹೌದು" ಎಂಬ ಉತ್ತರವೇ ಮುಂದೆ ಸಾಕ್ಷಿ.

ಸಂಬಳ ಕೊಡದಿದ್ದರೆ?

ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಪಾರ್ಟ್‌ಟೈಮ್ ಎಂಬ ಕಾರಣಕ್ಕೆ ಕನಿಷ್ಠ ವೇತನ ತಪ್ಪುವುದಿಲ್ಲ; ದರಪಟ್ಟಿಯನ್ನು ಕಾರ್ಮಿಕ ಇಲಾಖೆ ಪ್ರಕಟಿಸುತ್ತದೆ, ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಅಂಗಡಿ ಮುಂಗಟ್ಟುಗಳಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದರೆ ಆ ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ಕೂಲಿ.

ಮೊದಲು ಲಿಖಿತವಾಗಿ ಕೇಳಿ, ಒಂದು ವಾರ ಗಡುವು ಕೊಡಿ. ಆಮೇಲೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ ಅಥವಾ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಯಾವ ವ್ಯಾಪ್ತಿ ಎಂದು ತಿಳಿಸುತ್ತಾರೆ. ಅರ್ಜಿಗೆ ಬಲ ಕೊಡುವುದು ಹಾಜರಿಯ ದಾಖಲೆ: ಪ್ರತಿದಿನ ಬಂದ-ಹೋದ ಹೊತ್ತನ್ನು ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡಿ.

ಪಿಎಫ್, ಇಎಸ್‌ಐ, ಟಿಡಿಎಸ್ ಕಡಿತವಾದರೆ?

ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಡಿತ ನಿಮ್ಮ ಪಾಲಿಗೆ ಶೇ. 0.75 ಮಾತ್ರ, ಬದಲಿಗೆ ಚಿಕಿತ್ಸೆ ಸಿಗುತ್ತದೆ, ಬೇಡ ಎನ್ನಬೇಡಿ. ಪಿಎಫ್ ಇದ್ದರೆ ಯುಎಎನ್ (ನಿಮ್ಮ ಪಿಎಫ್‌ನ ಕಾಯಂ) ಸಂಖ್ಯೆ ಬರೆದಿಟ್ಟುಕೊಂಡು ಮುಂದಿನ ಕೆಲಸದಲ್ಲೂ ಅದನ್ನೇ ಕೊಡಿ. ಫ್ರೀಲ್ಯಾನ್ಸ್ ಹಣದಲ್ಲಿ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ, ನಿಮ್ಮ ಆದಾಯ ತೆರಿಗೆ ಮಿತಿಯೊಳಗೇ ಇರುವುದರಿಂದ ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಪೂರ್ತಿ ವಾಪಸ್ ಪಡೆಯಬಹುದು. ಪ್ಯಾನ್ ಕೊಡದಿದ್ದರೆ ಶೇ. 20 ಹಿಡಿಯುತ್ತಾರೆ. ಸಂಬಳದ ಝೀರೋ ಬ್ಯಾಲೆನ್ಸ್ ಖಾತೆ, ಸಂಬಳ ನಿಂತ ಕೆಲವು ತಿಂಗಳಲ್ಲಿ ಸಾಮಾನ್ಯ ಖಾತೆಯಾಗಿ ಕನಿಷ್ಠ ಮೊತ್ತದ ದಂಡ ಬೀಳಲು ಶುರುವಾಗುತ್ತದೆ. ಬೇಡವಾದರೆ ಮುಚ್ಚಿಸಿ.

ಹೆಣ್ಣುಮಕ್ಕಳು ವಿಶೇಷವಾಗಿ ಏನು ನೋಡಿಕೊಳ್ಳಬೇಕು?

ರಾತ್ರಿ ಪಾಳಿಗೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಮನೆಗೆ ಬಿಡುವ ವಾಹನ ಮಾಲೀಕರ ಹೊಣೆ. ಮನೆಪಾಠಕ್ಕೆ ಮೊದಲ ದಿನ ಒಬ್ಬರೇ ಹೋಗಬೇಡಿ, ತರಗತಿಯ ಹೊತ್ತಿಗೆ ಮನೆಯಲ್ಲಿ ಹಿರಿಯರು ಇರಬೇಕು ಎಂದು ಮೊದಲೇ ಹೇಳಿ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013, ತಾತ್ಕಾಲಿಕ ಕೆಲಸದವರಿಗೂ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಹತ್ತು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಿ.

ಕಾಲೇಜು, ಹಾಸ್ಟೆಲ್‌ಗೆ ಹೇಳಬೇಕೇ?

ಹಾಸ್ಟೆಲ್‌ನಲ್ಲಿದ್ದರೆ ವಾರ್ಡನ್‌ಗೆ ಹೇಳಲೇಬೇಕು. ಗೇಟ್ ಮುಚ್ಚುವ ಹೊತ್ತಿಗೆ ಬರದೆ ಸೀಟು ಕಳೆದುಕೊಂಡರೆ ದುಡಿದದ್ದೆಲ್ಲ ಬಾಡಿಗೆಗೆ ಹೋಗುತ್ತದೆ. ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರಿಗಾದರೂ ಪರಿಸ್ಥಿತಿ ತಿಳಿದಿರಲಿ. ಲೈಬ್ರರಿ, ಲ್ಯಾಬ್ ಸಹಾಯಕ ಕೆಲಸ ಬಂದಾಗ ಮೊದಲು ನೆನಪಾಗುವುದು ಗೊತ್ತಿರುವವರ ಹೆಸರೇ.

ಯುವನಿಧಿ, ಪಿಎಂ ಇಂಟರ್ನ್‌ಶಿಪ್ ನಮಗೆ ಸಿಗುತ್ತದೆಯೇ?

ಇಲ್ಲ. ಯುವನಿಧಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನ ಕೆಲಸ ಸಿಗದವರಿಗೆ, ಓದು ಮುಂದುವರಿಸಿದವರಿಗಿಲ್ಲ. ಪಿಎಂ ಇಂಟರ್ನ್‌ಶಿಪ್ ಯೋಜನೆಯೂ ಪೂರ್ಣಾವಧಿ ಓದುತ್ತಿರುವವರನ್ನು ಹೊರಗಿಟ್ಟಿದೆ.

18 ತುಂಬಿಲ್ಲ, ಕೆಲಸ ಮಾಡಬಹುದೇ?

ಅಪಾಯಕಾರಿಯಲ್ಲದ ಕೆಲಸಕ್ಕೆ 14 ದಾಟಿದವರಿಗೆ ಅವಕಾಶವಿದೆ, ಆದರೆ ಡೆಲಿವರಿ ಆ್ಯಪ್‌ಗಳು 18ರ ಕೆಳಗಿನವರನ್ನು ಸೇರಿಸಿಕೊಳ್ಳುವುದಿಲ್ಲ. ಪಿಯುಸಿ ವಿದ್ಯಾರ್ಥಿಗಳಿಗೆ ಪಕ್ಕದ ಬೀದಿಯ ಚಿಕ್ಕ ಮಕ್ಕಳ ಮನೆಪಾಠವೇ ಸಾಕು.

ವಿದೇಶಕ್ಕೆ ಓದಲು ಹೊರಟಿದ್ದೇನೆ. ಅಲ್ಲಿನ ನಿಯಮ?

ಅಲ್ಲಿ ಗಂಟೆಯ ಮಿತಿ ವೀಸಾದ ಷರತ್ತು. ಬ್ರಿಟನ್‌ನಲ್ಲಿ ಪದವಿ ವಿದ್ಯಾರ್ಥಿಗಳಿಗೆ ತರಗತಿ ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ ಹೊರಗೆ 24, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಅಮೆರಿಕದ ಎಫ್-1 ವೀಸಾದಲ್ಲಿ ಸಾಮಾನ್ಯವಾಗಿ ಕ್ಯಾಂಪಸ್ ಒಳಗೇ, ವಾರಕ್ಕೆ 20. ನಗದು ಕೂಲಿಗೆ ಲೆಕ್ಕವಿಲ್ಲದೆ ದುಡಿಯಲು ಕರೆಯುವವರು ಊರಿನವರೇ ಆದರೂ ಹೋಗಬೇಡಿ. ಸಿಕ್ಕಿಬಿದ್ದರೆ ವೀಸಾ ಹೋಗುವುದು ನಿಮ್ಮದು.

ಪರೀಕ್ಷೆ ಬಂತು, ಕೆಲಸ ಬಿಡಬೇಕು. ಹೇಗೆ?

ಸೇರುವ ದಿನವೇ ಇಂಟರ್ನಲ್ ಮತ್ತು ಸೆಮಿಸ್ಟರ್ ಪರೀಕ್ಷೆಯ ತಿಂಗಳುಗಳನ್ನು ಹೇಳಿಟ್ಟಿದ್ದರೆ ಬಿಡುವ ಅಗತ್ಯವೇ ಬರುವುದಿಲ್ಲ. ಮೂರು ವಾರದ ರಜೆ ಸಾಕು. ಬದಲಿಗೆ ಬರಲು ಒಬ್ಬ ಗೆಳೆಯನನ್ನು ಮೊದಲೇ ಪರಿಚಯಿಸಿಡಿ. ಬಿಡಲೇಬೇಕಾದರೆ 15 ದಿನ ಮುಂಚೆ ಲಿಖಿತವಾಗಿ ತಿಳಿಸಿ, ಸಂಬಳ ಕೈಗೆ ಬಂದ ಮೇಲೆ ಯೂನಿಫಾರ್ಮ್, ಐಡಿ ಕಾರ್ಡ್ ಹಿಂದಿರುಗಿಸಿ ಅದಕ್ಕೊಂದು ಸ್ವೀಕೃತಿ ಪಡೆಯಿರಿ. ಅನುಭವ ಪತ್ರವನ್ನು ಅದೇ ದಿನ ಕೇಳಿ. ಆರು ತಿಂಗಳ ಮೇಲೆ ಹೋದರೆ ಮ್ಯಾನೇಜರ್ ಬದಲಾಗಿರುತ್ತಾರೆ.